ಇಂಗ್ಲಿಷಿನವರಿಗೆ ಎಷ್ಟು 'ಅಲ್ವಾ'?

"ಅಂಕಲ್, ಇಂಗ್ಲಿಷಲ್ಲಿ ಯಾಕೆ ಇಷ್ಟೊಂದು 'ಅಲ್ವಾ' ಇದೆ?"

ಕೇಳಿದ್ದು ನಮ್ಮ ಪಕ್ಕದ ಮನೆಯ ಹುಡುಗಿ. ತಿಪಟೂರಿನಲ್ಲಿ ನಮ್ಮದು ಹಳೇ ಬೀದಿ, ಸಂಜೆಯಾದರೆ ಯಾರ ಮಕ್ಕಳು ಯಾರ ಮನೆಯಲ್ಲಿ ಅಂತ ಲೆಕ್ಕ ಇರುವುದಿಲ್ಲ. ಅವಳಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅಮ್ಮ ಒಂದು ಹಸು ಸಾಕಿಕೊಂಡಿದ್ದಾರೆ. ಹುಡುಗಿ ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. "ಅಣ್ಣ, ನೀವು ಬ್ಯಾಂಕಲ್ಲಿ ಇರೋರು, ಇವಳಿಗೆ ಸ್ವಲ್ಪ ಇಂಗ್ಲಿಷ್ ಹೇಳ್ಕೊಡಿ" ಅಂತ ಅವರಮ್ಮ ಜೂನ್‌ನಲ್ಲಿ ಕೇಳಿದಾಗ ಹೂಂ ಅಂದುಬಿಟ್ಟೆ. ಬ್ಯಾಂಕಿನವರಿಗೆ ಬರುವುದು ಸರ್ಕ್ಯುಲರ್ ಇಂಗ್ಲಿಷ್ ಮಾತ್ರ ಅಂತ ಅವರಿಗೆ ಹೇಗೆ ಹೇಳುವುದು?

ಅವತ್ತು ಅವಳ ನೋಟ್‌ಬುಕ್ಕಿನಲ್ಲಿ ಇದ್ದದ್ದು ಕ್ವೆಶ್ಚನ್ ಟ್ಯಾಗ್. ಐದು ವಾಕ್ಯ, ಐದು ಖಾಲಿ ಜಾಗ. ಐದಕ್ಕೂ ಅವಳು 'ಇಸಂಟ್ ಇಟ್' ಅಂತ ಬರೆದಿದ್ದಳು. ಒಂದು ಸರಿ, ನಾಲ್ಕಕ್ಕೆ ಕೆಂಪು ಇಂಕು. ಡಿಡಂಟ್ ಹಿ, ಕಾಂಟ್ ದೇ, ವೋಂಟ್ ಯೂ, ಹ್ಯಾವಂಟ್ ವಿ ಅಂತ ಟೀಚರ್ ಪಕ್ಕದಲ್ಲಿ ತಿದ್ದಿದ್ದರು. "ನಮ್ಮಲ್ಲಿ ಒಂದೇ ಅಲ್ವಾ ಇರೋದು, ಅಲ್ವಾ?" ಅಂದಳು. ಅಂದಮೇಲೆ ಅವಳಿಗೇ ನಗು ಬಂತು.

ನಾನು ನಿಯಮ ಹೇಳಲು ಶುರು ಮಾಡಿದೆ. ವಾಕ್ಯ ಪಾಸಿಟಿವ್ ಆಗಿದ್ದರೆ ಟ್ಯಾಗ್ ನೆಗೆಟಿವ್, ಸಹಾಯಕ ಕ್ರಿಯಾಪದ ಯಾವುದಿದೆ ನೋಡು, ಇಲ್ಲದಿದ್ದರೆ ಡೂ, ಡಸ್, ಡಿಡ್ ತಗೋ. ಅವಳು ತಲೆ ಆಡಿಸುತ್ತಿದ್ದಳು. ಆದರೆ ನನ್ನ ತಲೆಯಲ್ಲಿ ಅವಳ ಪ್ರಶ್ನೆಯೇ ಸುತ್ತುತ್ತಿತ್ತು. ಅವಳು ನಿಯಮ ಗೊತ್ತಿಲ್ಲದೆ ತಪ್ಪು ಮಾಡಿದವಳಲ್ಲ. ಅವಳ ಹತ್ತಿರ ಒಂದು ನಿಯಮ ಇತ್ತು, ಅದನ್ನು ಐದು ಸಲವೂ ನಿಯತ್ತಾಗಿ ಪಾಲಿಸಿದ್ದಳು. ಕನ್ನಡದಲ್ಲಿ ಅವನಾದರೇನು, ನೀವಾದರೇನು, ನಿನ್ನೆಯಾದರೇನು, ನಾಳೆಯಾದರೇನು, ಕೊನೆಗೆ ಒಂದು 'ಅಲ್ವಾ' ಹಾಕಿದರೆ ಮುಗಿಯಿತು. ನಮ್ಮ ಆಫೀಸಿನಲ್ಲೂ "ಯೂ ಆರ್ ಕಮಿಂಗ್, ಇಸಂಟ್ ಇಟ್?" ಅಂತ ದಿನಕ್ಕೆ ಹತ್ತು ಸಲ ಕೇಳಿಸುತ್ತದೆ, ಯಾರೂ ಕೆಂಪು ಇಂಕು ಹಿಡಿದುಕೊಂಡು ಬರುವುದಿಲ್ಲ.

## ಜ್ವರದ ಅರ್ಜಿ

ನಾವು ಎಬಿಸಿಡಿ ಕಲಿತದ್ದು ಐದನೇ ಕ್ಲಾಸಿನಲ್ಲಿ. ಈಗಿನ ಸರ್ಕಾರಿ ಶಾಲೆಯ ಹಾಗೆ ಒಂದನೇ ಕ್ಲಾಸಿಂದ ಇಂಗ್ಲಿಷ್ ಇರಲಿಲ್ಲ. ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ನಮಗೆ ತಪ್ಪಿಲ್ಲದೆ ಬರೆಯಲು ಬರುತ್ತಿದ್ದದ್ದು ಒಂದೇ ಒಂದು, ರಜಾ ಅರ್ಜಿ. 'ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್' ಅಂತ ಶುರುವಾಗಿ 'ಯುವರ್ಸ್ ಒಬೀಡಿಯಂಟ್‌ಲಿ' ಅಂತ ಮುಗಿಯುವ ಅರ್ಜಿ. ನಿಮಗೂ ಬಾಯಿಪಾಠ ಇರಬೇಕು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆವು.

ಆ ವರ್ಷ ನಮ್ಮ ಅಜ್ಜ ತೀರಿಕೊಂಡರು. ಹನ್ನೆರಡು ದಿನ ಸ್ಕೂಲಿಗೆ ಹೋಗಲಿಲ್ಲ. ಮನೆಯ ಗಂಡಸರ ಜೊತೆ ನನಗೂ ತಲೆ ಬೋಳಿಸಿದ್ದರು. ವಾಪಸ್ ಹೋಗುವ ದಿನ ಇಂಗ್ಲಿಷ್ ಮೇಷ್ಟ್ರಿಗೆ ಅರ್ಜಿ ಕೊಡಬೇಕಲ್ಲ, ಕೂತೆ. ಅಜ್ಜ ತೀರಿಕೊಂಡರು ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು? ಅಪ್ಪನನ್ನು ಕೇಳುವ ಹಾಗಿರಲಿಲ್ಲ, ಅವರು ಆಗ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಸುಮ್ನೆ ಗೊತ್ತಿದ್ದ ಅರ್ಜಿಯನ್ನೇ ಬರೆದೆ. ನನಗೆ ಜ್ವರ, ದಯವಿಟ್ಟು ರಜೆ ಕೊಡಿ. 'ಥ್ರೀ ಡೇಸ್' ಅಂತ ಇದ್ದ ಕಡೆ 'ಟ್ವೆಲ್ವ್ ಡೇಸ್' ಅಂತ ಹಾಕಿದೆ, ನಾನು ಸ್ವಂತವಾಗಿ ಬರೆದದ್ದು ಅದೊಂದೇ ಪದ.

ಮೇಷ್ಟ್ರು ಅರ್ಜಿ ಓದಿದರು. ನನ್ನ ತಲೆ ನೋಡಿದರು. ಮತ್ತೆ ಅರ್ಜಿ ನೋಡಿದರು. ಕ್ಲಾಸಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು "ಹೋಗು, ಕೂತ್ಕೋ" ಅಂದರು. ಅದರಲ್ಲಿ ಒಂದು ಕಾಗುಣಿತ ತಪ್ಪೂ ಇರಲಿಲ್ಲ ಅಂತ ನನಗೆ ಈಗಲೂ ಖಾತ್ರಿ ಇದೆ.

## ಕೆಂಪು ಇಂಕಿನ ಕೆಳಗೆ

ಮಾರನೆಯ ವಾರ ರಿಪೋರ್ಟೆಡ್ ಸ್ಪೀಚ್ ಬಂತು. 'ಹಿ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೊ' ಅಂತ ಬರೆದಿದ್ದಳು. ಈ ಸಲ ನಾನು ನಿಯಮ ಹೇಳಲಿಲ್ಲ. "ಇದನ್ನ ಕನ್ನಡದಲ್ಲಿ ಹೇಳು" ಅಂದೆ. "ಅವನು ನಾಳೆ ಬರ್ತೀನಿ ಅಂದ" ಅಂದಳು.

'ಬರ್ತೀನಿ'. ಬರುವವನು ಅವನು, ಹೇಳುತ್ತಿರುವವಳು ಇವಳು, ಆದರೂ ಕ್ರಿಯಾಪದದಲ್ಲಿ 'ನಾನು' ಹಾಗೇ ಕೂತಿದೆ. ನಾವು ಇನ್ನೊಬ್ಬರ ಮಾತನ್ನು ಹೇಳುವಾಗ ಅರೆಗಳಿಗೆ ಅವರೇ ಆಗಿಬಿಡುತ್ತೇವೆ. ಅವನ ಬಾಯಿಂದ ಬಂದದ್ದನ್ನು ಇದ್ದ ಹಾಗೇ ತಂದಿಟ್ಟು ಕೊನೆಗೆ 'ಅಂದ' ಅಂತ ಒಂದು ಗಂಟು ಹಾಕುತ್ತೇವೆ. ನಮ್ಮ ಬೀದಿಯ ಹೆಂಗಸರು ನಲ್ಲಿ ಹತ್ತಿರ ಜಗಳದ ವರದಿ ಒಪ್ಪಿಸುವುದನ್ನು ಕೇಳಬೇಕು. ಅದು ವರದಿಯಲ್ಲ, ನಾಟಕ. ಎರಡು ಪಾತ್ರವನ್ನೂ ಒಬ್ಬರೇ ಆಡುತ್ತಾರೆ.

ಇಂಗ್ಲಿಷಿನವನು ಹಾಗಲ್ಲ. ಅವನು ತನ್ನ ಜಗುಲಿ ಬಿಟ್ಟು ಇಳಿಯುವುದಿಲ್ಲ. ತಾನು ಕೂತ ಜಾಗದಿಂದ, ತಾನು ಹೇಳುತ್ತಿರುವ ಹೊತ್ತಿನಿಂದ ನೋಡಿ ಎಲ್ಲವನ್ನೂ ಬದಲಿಸುತ್ತಾನೆ. 'ಐ' ಅಂದವನು ತನಗೆ 'ಹಿ'. 'ವಿಲ್' ಹಳೆಯದಾಯಿತು, ಅದು 'ವುಡ್'. ಅವನ 'ನಾಳೆ' ಎಂದೋ ಕಳೆದುಹೋಗಿದೆ, ಹಾಗಾಗಿ 'ದ ನೆಕ್ಸ್ಟ್ ಡೇ'. ಹೀಗಂತ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರೆ ಇಂಗ್ಲಿಷಲ್ಲಿ ಮಿಮಿಕ್ರಿ ಮಾಡಂಗಿಲ್ಲ" ಅಂದಳು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಆಮೇಲೆ ಆ ಪಾಠದಲ್ಲಿ ಅವಳು ತಪ್ಪು ಮಾಡಿದ್ದು ಕಡಿಮೆ.

ಅಲ್ಲಿಂದ ಅದು ನಮಗೆ ಒಂದು ಆಟವಾಯಿತು. ಕೆಂಪು ಇಂಕು ಇದ್ದ ಕಡೆಯೆಲ್ಲ ಅದರ ಕೆಳಗೆ ಯಾವ ಕನ್ನಡ ಇದೆ ಅಂತ ಹುಡುಕುವುದು. 'ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್'. ಕೆಳಗಿರುವುದು 'ಹತ್ತು ವರ್ಷದಿಂದ ಇಲ್ಲೇ ಇದ್ದೀನಿ'. ನಮಗೆ '2015ರಿಂದ' ಅಂದರೂ 'ಇಂದ', 'ಹತ್ತು ವರ್ಷದಿಂದ' ಅಂದರೂ 'ಇಂದ'. ಒಂದೇ ವಿಭಕ್ತಿ ಎರಡೂ ಕೆಲಸ ಮಾಡುತ್ತದೆ. ಇಂಗ್ಲಿಷ್ ಅದನ್ನು ಸಿನ್ಸ್ ಮತ್ತು ಫಾರ್ ಅಂತ ಇಬ್ಬರಿಗೆ ಹಂಚಿದೆ, ಸಾಲದ್ದಕ್ಕೆ 'ಇದ್ದೀನಿ' ಅನ್ನುವುದನ್ನು 'ಹ್ಯಾವ್ ಬೀನ್ ಲಿವಿಂಗ್' ಮಾಡು ಅನ್ನುತ್ತದೆ. ಹ್ಯಾವ್ ಬೀನ್ ಪಂಚಾಯ್ತಿ ಆಮೇಲೆ ಅಂತ ಬದಿಗಿಟ್ಟೆ. ಸಿನ್ಸ್, ಫಾರ್‌ಗೆ ಅವರ ಮನೆಯ ಹಸುವೇ ಸಿಕ್ಕಿತು. ಹಸು ಕಟ್ಟಿದ ಗೂಟ ಸಿನ್ಸ್, ಗೂಟದಿಂದ ಹಸುವಿನ ತನಕ ಇರುವ ಹಗ್ಗದ ಉದ್ದ ಫಾರ್. ಎಲ್ಲಿಂದ ಶುರು ಅಂತ ಹೇಳಿದರೆ ಗೂಟ, ಎಷ್ಟು ದೂರ ಅಂತ ಹೇಳಿದರೆ ಹಗ್ಗ. ಈಗ ಅವಳು ಖಾಲಿ ಜಾಗ ತುಂಬುವಾಗ ಬಾಯಲ್ಲಿ ಗೂಟ, ಹಗ್ಗ, ಗೂಟ ಅಂತ ಗೊಣಗಿಕೊಳ್ಳುತ್ತಾಳೆ. ಸ್ಕೂಲಿನಲ್ಲೂ ಹಾಗೇ ಮಾಡುತ್ತಾಳಂತೆ, ಪಕ್ಕದಲ್ಲಿ ಕೂರುವವಳಿಗೆ ಏನೂ ಅರ್ಥವಾಗದೆ ದಿಗಿಲಾಗಿದೆಯಂತೆ.

ನಾನು ಜಾಸ್ತಿ ಹೆದರಿದ್ದು ಆರ್ಟಿಕಲ್‌ಗೆ. ಎ, ಆನ್, ದ. ಕನ್ನಡದಲ್ಲಿ ಇವು ಇಲ್ಲವೇ ಇಲ್ಲ ಅಂತ ನಮ್ಮ ಮೇಷ್ಟ್ರು ಹೇಳಿದ್ದರು, ನಾನೂ ನಂಬಿದ್ದೆ. ಆದರೆ ಒಂದು ಸಂಜೆ ಅವಳ ತಮ್ಮನಿಗೆ ಅವರಜ್ಜಿ ಕಥೆ ಹೇಳುತ್ತಿದ್ದದ್ದು ಗೋಡೆಯಾಚೆಯಿಂದ ಕೇಳಿಸಿತು. "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಏಳು ಜನ ಹೆಂಡ್ತೀರು." ಒಬ್ಬ ರಾಜ, ಆಮೇಲೆ ಆ ರಾಜ. ಮೊದಲನೇ ಸಲ ಕಥೆಯೊಳಗೆ ಬಂದಾಗ 'ಒಬ್ಬ', ಪರಿಚಯ ಆದಮೇಲೆ 'ಆ'. ಯಾವ ಅಜ್ಜಿಯೂ ಇದನ್ನು ತಪ್ಪಿ ಹೇಳುವುದಿಲ್ಲ. ಅಷ್ಟೇ ಅಲ್ಲ. "ಕಾಯಿ ತಗೊಂಡ್ಬಾ" ಅಂತ ಅಮ್ಮ ಅಂದರೆ ಯಾವುದೋ ಒಂದು ಕಾಯಿ ತಂದರಾಯಿತು. "ಕಾಯೀನ ತಗೊಂಡ್ಬಾ" ಅಂದರೆ ಯಾವುದೋ ಕಾಯಿ ಅಲ್ಲ, ಆಗಲೇ ಮಾತಾಡಿದ, ದೇವರ ಮುಂದೆ ಇಟ್ಟಿರುವ ಕಾಯಿ. ಆ 'ನ' ಇದೆಯಲ್ಲ, ನಮ್ಮ 'ಅನ್ನು' ಪ್ರತ್ಯಯ, ಅದು ಸದ್ದಿಲ್ಲದೆ 'ದ' ಮಾಡುವ ಕೆಲಸ ಮಾಡುತ್ತಿದೆ. ಕೊಬ್ಬರಿ ಊರಿನಲ್ಲಿ ಹುಟ್ಟಿ ಇಷ್ಟು ವರ್ಷ ಕಾಯಿ ತಂದಿದ್ದೀನಿ, ಇದು ಹೊಳೆದದ್ದು ಈಗ.

ಇದರಿಂದ ಎಲ್ಲ ಬಗೆಹರಿಯಿತು ಅಂತಲ್ಲ. ಹಿಮಾಲಯಕ್ಕೆ 'ದ' ಬೇಕು, ಎವರೆಸ್ಟಿಗೆ ಬೇಡ. ಊಟದ ಹೆಸರಿಗೆ ಬೇಡ, ನದಿಗಳಿಗೆ ಬೇಕು. ಅಲ್ಲಿ ಅಜ್ಜಿಯೂ ಇಲ್ಲ, ಕಾಯಿಯೂ ಇಲ್ಲ, ಬಾಯಿಪಾಠವೇ ಗತಿ. ಅದನ್ನು ಅವಳಿಗೆ ನೇರವಾಗಿಯೇ ಹೇಳಿದೆ.

## ರಾಮ, ರಾವಣ ಮತ್ತು ಗಾಜಿನ ಲೋಟ

ಪ್ಯಾಸಿವ್ ವಾಯ್ಸ್ ಅಂದರೆ ನಮಗೆಲ್ಲ ರಾಮ ರಾವಣನನ್ನು ಕೊಂದ ವಾಕ್ಯ. ರಾಮನನ್ನು ಹಿಂದಕ್ಕೆ ಕಳಿಸು, ರಾವಣನನ್ನು ಮುಂದಕ್ಕೆ ತಾ, ಮಧ್ಯೆ 'ವಾಸ್' ಹಾಕು, 'ಬೈ' ಮರೀಬೇಡ. ಯಾಕೆ ಹೀಗೆ ಮಾಡಬೇಕು ಅಂತ ಮೇಷ್ಟ್ರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಇವಳ ಕನ್ನಡ ಪುಸ್ತಕದಲ್ಲೂ ಕರ್ಮಣಿ ಪ್ರಯೋಗ ಇದೆ. ರಾಮನಿಂದ ಮರವು ಕಡಿಯಲ್ಪಟ್ಟಿತು. ನಮ್ಮೂರಲ್ಲಿ ಎಷ್ಟು ಮರ ಕಡಿದಿದ್ದಾರೋ, ಒಂದಾದರೂ ಕಡಿಯಲ್ಪಟ್ಟದ್ದನ್ನು ನಾನು ಕೇಳಿಲ್ಲ. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿಗೆ ತುರುಕಿದ್ದೇವೆ ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವರ್ಷಗಟ್ಟಲೆ ಬರೆದರು. ಅವರು ಹೇಳಿದ್ದೆಲ್ಲ ಒಪ್ಪದವರೂ ಈ 'ಲ್ಪಟ್ಟಿತು' ವಿಷಯದಲ್ಲಿ ತಲೆ ಆಡಿಸಬೇಕು.

"ನಿಮ್ಮನೇಲಿ ಗಾಜಿನ ಲೋಟ ಒಡೆದಾಗ ನಿಮ್ಮಮ್ಮನಿಗೆ ಏನಂತೀಯಾ?" ಅಂತ ಕೇಳಿದೆ.

"ಲೋಟ ಒಡೆದುಹೋಯ್ತು ಅಂತೀನಿ."

"ಯಾರು ಒಡೆದದ್ದು?"

ನಕ್ಕಳು. ಅದು ವ್ಯಾಕರಣದ ಲೆಕ್ಕದಲ್ಲಿ ಪ್ಯಾಸಿವ್ ಅಲ್ಲ, ನನಗೆ ಗೊತ್ತು. ಆದರೆ ಕೆಲಸ ಅದೇ. ಮಾಡಿದವರನ್ನು ಬಾಗಿಲ ಹಿಂದೆ ನಿಲ್ಲಿಸಿ, ಆದದ್ದನ್ನು ಮಾತ್ರ ಮುಂದೆ ತರುವುದು. ನಮ್ಮ ಬ್ಯಾಂಕಿನ ಸರ್ಕ್ಯುಲರ್‌ಗಳು ಪೂರ್ತಿ ಈ ಭಾಷೆಯಲ್ಲೇ ಇರುತ್ತವೆ. 'ಇಟ್ ಹ್ಯಾಸ್ ಬೀನ್ ಡಿಸೈಡೆಡ್'. ತೀರ್ಮಾನಿಸಲಾಗಿದೆ. ಯಾರು ತೀರ್ಮಾನಿಸಿದ್ದು ಸ್ವಾಮಿ ಅಂದರೆ ಲೋಟ ಒಡೆದುಹೋಯ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಪ್ಯಾಸಿವ್ ವಾಯ್ಸಿನ ಉಪಯೋಗ ನನಗೆ ಚೆನ್ನಾಗಿ ಗೊತ್ತಾಗಿದೆ. ಅದನ್ನು ರಾಮ ರಾವಣರಿಂದ ಕಲಿಸಲು ಹೊರಟದ್ದೇ ತಪ್ಪು. ರಾಮ ಮಾಡಿದ್ದನ್ನು ಮಾಡಿದೆ ಅಂತಲೇ ಹೇಳುವವನು.

## ಸ್ವಾಮಿ ಹೀರೋನಾ?

ವ್ಯಾಕರಣ ಹೀಗೆ ಹೇಗೋ ದಾರಿಗೆ ಬಂತು. ಪಾಠ, ಪದ್ಯಗಳ ಪ್ರಶ್ನೆಗೆ ಬಂದಾಗ ಬೇರೆಯೇ ತೊಂದರೆ. ಅಲ್ಲಿ ಕೆಂಪು ಇಂಕೇ ಇರಲಿಲ್ಲ. ಎಲ್ಲ ಉತ್ತರಕ್ಕೂ ರೈಟ್ ಗುರುತು. ಎಲ್ಲವೂ ಗೈಡಿನಿಂದ ಇಳಿಸಿದ್ದು. ಅವಳು ಒಬ್ಬಳೇ ಅಲ್ಲ, ಇಡೀ ಕ್ಲಾಸು ಅದನ್ನೇ ಬರೆಯುತ್ತದೆ. ಗೈಡ್ ಸಿಗದವರು ಅಮ್ಮನ ಫೋನಿನಲ್ಲಿ ಪ್ರಶ್ನೆಯ ಫೋಟೊ ತೆಗೆದು ಕೇಳುತ್ತಾರೆ, ಅಲ್ಲಿಂದ ಇನ್ನೂ ನುಣುಪಾದ ಉತ್ತರ ಬರುತ್ತದೆ. ನೂರರಲ್ಲಿ ಎಂಬತ್ತು ಅಂಕಕ್ಕೆ ಬರೆಯುವ ಪರೀಕ್ಷೆ, ಅಪ್ಪನ ಕಣ್ಣು ಪಿಯುಸಿ ಸೀಟಿನ ಮೇಲೆ. ಗೈಡ್ ಬಿಡು ಅಂತ ಹೇಳಲು ನಾನ್ಯಾರು?

ಇವಳ ಪುಸ್ತಕದಲ್ಲಿ ವಿ.ಕೃ. ಗೋಕಾಕರ ಒಂದು ಇಂಗ್ಲಿಷ್ ಪದ್ಯ ಇದೆ. ಭಾರತಮಾತೆಯ ಹತ್ತಿರ ಕವಿ ನಿನ್ನ ಬಗ್ಗೆ ಏನು ಹಾಡಲಿ, ಹಿಮಾಲಯವನ್ನು ಹಾಡಲೇ, ಸಮುದ್ರಗಳನ್ನು ಹಾಡಲೇ ಅಂತ ಕೇಳಿದರೆ, ತಾಯಿ ನನ್ನ ಬೀದಿಯ ಭಿಕ್ಷುಕರನ್ನು ಹಾಡು, ಕೊಳಕನ್ನು ಹಾಡು ಅನ್ನುತ್ತಾಳೆ. "ಇವರು ಕನ್ನಡದವರಾ?" ಅಂತ ಹುಡುಗಿ ಕಣ್ಣರಳಿಸಿದಳು. ಕನ್ನಡದವರಾ ಅಂತ! ಹೈಸ್ಕೂಲಿನಲ್ಲಿ ಕನ್ನಡವೇ ಪ್ರಥಮ ಭಾಷೆ ಆಗಬೇಕು ಅಂದ ವರದಿ ಅವರದ್ದು, 1982ರಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದ ಚಳವಳಿಗೆ ಅವರದ್ದೇ ಹೆಸರು. ಅದೇ ಮನುಷ್ಯ ಜೀವನಪೂರ್ತಿ ಇಂಗ್ಲಿಷ್ ಮೇಷ್ಟ್ರು, ಹೈದರಾಬಾದಿನಲ್ಲಿ ಇಂಗ್ಲಿಷ್ ಕಲಿಸುವವರನ್ನು ತಯಾರು ಮಾಡುವ ಕೇಂದ್ರ ಸಂಸ್ಥೆಯ ನಿರ್ದೇಶಕರೂ ಆಗಿದ್ದವರು. ಇದು ಗೈಡಿನಲ್ಲಿ ಇರಲಿಲ್ಲ. ಅಂಕವೂ ಇಲ್ಲ. ಆದರೆ ಆ ಪದ್ಯವನ್ನು ಅವಳು ಆಮೇಲೆ ಎರಡು ಸಲ ಗಟ್ಟಿಯಾಗಿ ಓದಿದಳು.

ನನಗೆ ಮರೆಯಲಾಗದ್ದು ಆರ್.ಕೆ. ನಾರಾಯಣರ ಕಥೆ. ಸ್ವಾಮಿಯ ಕಥೆ. ನಮ್ಮ ತಲೆಮಾರಿಗೆ ಸ್ವಾಮಿ ಅಂದರೆ ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ ಧಾರಾವಾಹಿಯ ಮಾಸ್ಟರ್ ಮಂಜುನಾಥ್. ಇವಳಿಗೆ ಆ ಮುಖ ಗೊತ್ತಿಲ್ಲ, ಇವಳ ಸ್ವಾಮಿಗೆ ಇವಳ ತಮ್ಮನ ಮುಖ. 'ಸ್ವಾಮಿ ಹೀರೋ ಹೇಗಾದ?' ಅನ್ನುವ ಪ್ರಶ್ನೆಗೆ ಗೈಡಿನ ಉತ್ತರ ನೋಟ್‌ಬುಕ್ಕಿನಲ್ಲಿತ್ತು. ಸ್ವಾಮಿ ಧೈರ್ಯವಂತ ಹುಡುಗ, ಬಹಳ ಸಾಹಸದಿಂದ ಕಳ್ಳನನ್ನು ಹಿಡಿದ, ಅದಕ್ಕೇ ಹೀರೋ. ಇಂಗ್ಲಿಷ್ ಸೊಗಸಾಗಿತ್ತು. ಪುಸ್ತಕ ಮುಚ್ಚಿಸಿ, ಕಥೆ ಹೇಳು ನೋಡೋಣ ಅಂದೆ.

ಹತ್ತು ನಿಮಿಷ ಹೇಳಿದಳು, ಕನ್ನಡದಲ್ಲಿ. ಅಪ್ಪ ಪೇಪರಿನಲ್ಲಿ ಹುಲಿ ಜೊತೆ ಹೋರಾಡಿದ ಹುಡುಗನ ಸುದ್ದಿ ಓದಿ, ನೀನೂ ಧೈರ್ಯ ಇದ್ದರೆ ಒಬ್ಬನೇ ಆಫೀಸು ಕೋಣೆಯಲ್ಲಿ ಮಲಗು ಅಂದದ್ದು. ಅಜ್ಜಿ ಪಕ್ಕದಲ್ಲಿ ಮುಸುಕು ಹಾಕಿಕೊಂಡು ನಿದ್ದೆ ಬಂದವನ ಹಾಗೆ ನಟಿಸಿದವನನ್ನು ಅಪ್ಪ ಎಬ್ಬಿಸಿ ಎಳೆದುಕೊಂಡು ಹೋದದ್ದು. ಕತ್ತಲೆ ಕೋಣೆ. ಬೆಂಚಿನ ಕೆಳಗೆ ಮುದುಡಿಕೊಂಡದ್ದು. ಏನೋ ಸರಿದಾಡಿದ ಸದ್ದು. ಅಲ್ಲಿಗೆ ಬಂದಾಗ ಅವಳ ದನಿಯೂ ಇಳಿಯಿತು, ಅಡುಗೆಮನೆಯಿಂದ ನನ್ನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. "ದೆವ್ವ ತನ್ನ ಹಿಡ್ಕೊಳಕ್ಕೇ ಬಂತು ಅನ್ಕೊಂಡ, ಕೈಗೆ ಸಿಕ್ಕಿದ್ದನ್ನ ತಬ್ಬಿ ಹಿಡಿದು ಕಚ್ಚೇ ಬಿಟ್ಟ. ನೋಡಿದ್ರೆ ಕಳ್ಳನ ಕಾಲು!" ಮಾರನೇ ದಿನ ಎಲ್ಲರೂ ಹೊಗಳಿದ್ದು, ಇನ್‌ಸ್ಪೆಕ್ಟರು ದೊಡ್ಡವನಾದಮೇಲೆ ಪೊಲೀಸಿಗೆ ಸೇರ್ತೀಯಾ ಅಂದದ್ದು, ಇವನು ಮನಸ್ಸಿನಲ್ಲಿ ಬಸ್ ಕಂಡಕ್ಟರೋ ರೈಲ್ವೆ ಗಾರ್ಡೋ ಆಗಬೇಕು ಅಂತಿದ್ದರೂ ಮರ್ಯಾದೆಗೆ ಹೂಂ ಅಂದದ್ದು. ಅದಂತೂ ಅವಳಿಗೆ ಬಹಳ ಇಷ್ಟ.

"ಹಂಗಾದ್ರೆ ಸ್ವಾಮಿ ಹೀರೋನಾ?"

"ಇಲ್ಲ ಅಂಕಲ್. ಅವನು ಹೆದರಿ ಕಚ್ಚಿದ್ದು. ಧೈರ್ಯ ಇದ್ದಿದ್ರೆ ಯಾರಾದ್ರೂ ಕಚ್ತಾರಾ?"

ಇದನ್ನೇ ಇಂಗ್ಲಿಷಿನಲ್ಲಿ ಬರಿ, ತಪ್ಪಾದರೂ ಪರವಾಗಿಲ್ಲ ಅಂದೆ. ಪೆನ್ನಿನ ಕ್ಯಾಪು ಕಚ್ಚುತ್ತ ಅರ್ಧ ಗಂಟೆ ಕೂತು ಬರೆದಳು. 'ಸ್ವಾಮಿ ಈಸ್ ನಾಟ್ ಹೀರೋ. ಹಿ ಈಸ್ ಫಿಯರ್. ಹಿ ಥಿಂಕ್ ಇಟ್ ಈಸ್ ಡೆವಿಲ್ ಸೋ ಹಿ ಬೈಟ್. ಆಲ್ ಪೀಪಲ್ ಟೋಲ್ಡ್ ದಟ್ ಯೂ ಆರ್ ಬ್ರೇವ್. ಹಿ ಡಿಡ್ ನಾಟ್ ಟೆಲ್ ದಟ್ ಐ ಫಿಯರ್ಡ್.'

ನಾನು ಓದಿದೆ. ಎಷ್ಟು ತಪ್ಪು ಅಂತ ಎಣಿಸಲು ಹೋಗಿ ಬಿಟ್ಟೆ. ಕೊನೆಯ ಎರಡು ವಾಕ್ಯದಲ್ಲಿ ಅವಳ ಮಿಮಿಕ್ರಿ ವಾಪಸ್ ಬಂದಿತ್ತು. ಎಲ್ಲರೂ ನೀನು ಧೈರ್ಯವಂತ ಅಂದರು. ನಾನು ಹೆದರಿದ್ದೆ ಅಂತ ಅವನು ಹೇಳಲಿಲ್ಲ. ಬೋಳು ತಲೆ ಹೊತ್ತುಕೊಂಡು ಜ್ವರದ ಅರ್ಜಿ ಕೊಟ್ಟವನಿಗೆ ಆ ಐದು ಸಾಲು ಏನು ಅನ್ನಿಸಿರಬಹುದು ನೀವೇ ಯೋಚನೆ ಮಾಡಿ. ಇಬ್ಬರೂ ಕೂತು ತಿದ್ದಿದೆವು. 'ಈಸ್ ಫಿಯರ್' ಅನ್ನುವುದು 'ವಾಸ್ ಅಫ್ರೇಡ್' ಆಯಿತು, ಹೀರೋ ಹಿಂದೆ ಒಂದು 'ಎ' ಬಂತು. ಕೊನೆಯ ಸಾಲನ್ನು ನಿಯಮದ ಪ್ರಕಾರ ಸರಿ ಮಾಡಿದೆ, ಒಲ್ಲದ ಮನಸ್ಸಿಂದ.

ತಿಂಗಳಾದ ಮೇಲೆ ಟೆಸ್ಟಿನಲ್ಲಿ ಅದೇ ಪ್ರಶ್ನೆ ಬಂತು. ಪೇಪರ್ ಕೊಟ್ಟ ದಿನ ಓಡಿಕೊಂಡು ಬಂದು ತೋರಿಸಿದಳು, ಫುಲ್ ಮಾರ್ಕ್ಸ್. ಓದಿದೆ. ಸ್ವಾಮಿ ಧೈರ್ಯವಂತ ಹುಡುಗ, ಬಹಳ ಸಾಹಸದಿಂದ ಕಳ್ಳನನ್ನು ಹಿಡಿದ. ಒಂದು ಅಕ್ಷರ ಅತ್ತಿತ್ತ ಇಲ್ಲ.

"ಮತ್ತೆ ನೀನು ಬರೆದಿದ್ದು?"

ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದಳು. ತಿದ್ದಿದ ಉತ್ತರವನ್ನು ಅಂದವಾಗಿ ಬರೆದಿಟ್ಟುಕೊಂಡಿದ್ದಳು, ಸುತ್ತ ನೀಲಿ ಇಂಕಿನಲ್ಲಿ ಬಾರ್ಡರ್ ಹಾಕಿ.

"ಸ್ವಾಮಿ ಇನ್‌ಸ್ಪೆಕ್ಟರ್‌ಗೆ ಹೂಂ ಅಂದ ಅಲ್ವಾ ಅಂಕಲ್, ಹಂಗೆ."